ಚಂಪವ್ವನ ಮುಷ್ಟಿ

ಚಂಪವ್ವ ಭತ್ತದ ಬೆಳೆಯನ್ನು ಮುಷ್ಟಿಯಿಂದ ಅಳೆಯುತ್ತಿದ್ದರು. ಬಾಗಿ ಒಂದು ಬುಡ ಹಿಡಿಯುವರು. ಬೆರಳಿಗೆ ಬೆರಳು ಕೂಡಿದರೆ ಬೆಳೆ ಬಡವು, ಕೂಡದಿದ್ದರೆ ಸರಿ.

ಎಂಬತ್ತರ ದಶಕದಲ್ಲಿ ನಾನು ಸತ್ತಿ ಎಂಬ ಹಳ್ಳಿಯಲ್ಲಿ ಕೃಷಿ ಸಹಾಯಕ. ಏಳಕ್ಕೆ ಸೈಕಲ್ ಹತ್ತಿದರೆ ಹತ್ತಕ್ಕೆಲ್ಲ ಹೊಲಗಳನ್ನು ನೋಡಿ, ಕಚೇರಿಯ ದಿನಚರಿ ಬರೆದು ಮುಗಿಸುತ್ತಿದ್ದೆ. ಚಂಪವ್ವನದು ಹೊಳೆದಂಡೆಯ ತಗ್ಗಿನ ಹೊಲ. ಬೇಸಿಗೆಯಲ್ಲಿ ಬಿರಿಯುವ ಮಣ್ಣು, ಮಳೆಗಾಲದಲ್ಲಿ ನೀರು ನಿಂತು ಕಬ್ಬು ಕೊಳೆಯುತ್ತಿತ್ತು. ಮೈದುನ ಬಾಬು ಆ ಮಣ್ಣನ್ನು ಇಟ್ಟಂಗಿ ಭಟ್ಟಿಗೆ ಕೊಡಲು ಹಟ ಹಿಡಿದಿದ್ದ. ಹೊಲ ಉಳಿಸಿಕೊಳ್ಳಲು ಚಂಪವ್ವ ಭತ್ತ ಹಚ್ಚಿದರು.

"ನೀರು ನಿಂತ ಮಣ್ಣಿನಾಗ ರಂಜಕ ತಾನ ಬಿಡತೈತಿ. ರಂಜಕದ ಸೂಪರ್ ಗೊಬ್ಬರ ಬ್ಯಾಡ್ರಿ ಮಾವಶಿ" ಎಂದು ಚಂಪವ್ವನಿಗೆ ಹೇಳಿದವನು ನಾನೇ.

ತಿಂಗಳ ಮೇಲೆ ಬೆಳೆ ಕಡುಹಸಿರಾಗಿತ್ತು. ಬದುವಿನ ಮೇಲೆ ನಿಂತೇ ದಿನಚರಿಯಲ್ಲಿ "ಉತ್ತಮ" ಎಂದು ಬರೆದೆ. ಚಂಪವ್ವ ಕೆಸರಿಗಿಳಿದು ಒಂದು ಬುಡ ಹಿಡಿದರು. ಬೆರಳುಗಳು ಕೂಡಿ ಇನ್ನೂ ಜಾಗ ಉಳಿಯಿತು.

"ಹಸರ ಐತ್ರಿ ಸಾಹೇಬ್ರ, ಮರಿ ಎಲ್ಲಿ ಒಡದಾವ? ಕಬ್ಬಿನ ಕಣ್ಣಿಂದ ನೋಡಬ್ಯಾಡ್ರಿ."

ಅವರು ಕಿತ್ತು ಕೊಟ್ಟ ಸಸಿಯಲ್ಲಿ ಮೂರೇ ಕಡ್ಡಿ. ಕೆಳಗಿನ ಎಲೆ ನೇರಳೆಗೆ ತಿರುಗಿತ್ತು. ರಂಜಕದ ಕೊರತೆಗೆ ಕಡುಹಸಿರೇ ಗುರುತೆಂದು ಓದಿದ್ದೆ, ಮರೆತಿದ್ದೆ. ನೀರು ನಿಂತ ಮಣ್ಣು ರಂಜಕ ಬಿಡುವುದು ನಿಜ, ಆದರೆ ಅದಕ್ಕೆ ವಾರಗಳು ಬೇಕು. ಎಳೆ ಬೇರಿಗೆ ಅದು ಮೊದಲ ದಿನವೇ ಬೇಕಾಗಿತ್ತು.

ಆ ಸಲ ಹುಲ್ಲಷ್ಟೇ ಬಂತು. ಬಾಬು, "ವೈನಿ, ಇನ್ನೊಂದ ಹಂಗಾಮ ಅಷ್ಟ. ಆಮ್ಯಾಲೆ ಭಟ್ಟಿ" ಎಂದ.

ಮುಂದಿನ ಮಳೆಗಾಲ ನನ್ನ ತಪ್ಪು ಒಪ್ಪಿಕೊಂಡು, ಸೂಪರ್ ಗೊಬ್ಬರವನ್ನು ಕೆಸರಿನಲ್ಲಿ ಕಲಸಿ, ಸಸಿಯ ಬೇರು ಅದರಲ್ಲಿ ಅದ್ದಿ ನೆಡಲು ಹೇಳಿದೆ. ಚಂಪವ್ವ ನಕ್ಕರು: "ಹುಟ್ಟಿದ ಕೂಸಿಗೆ ಗುಟ್ಟಿ ಔಷಧ ತೇದು ನೆಕ್ಕಿಸಿದಂಗ! ಇದನ್ನ ಮೊದಲ ಹೇಳಾಕ ಏನ ಧಾಡಿ ಆಗಿತ್ರಿ?"

ಒಂದೊಂದು ಕಟ್ಟನ್ನೂ ತಾವೇ ಅದ್ದಿದರು. ಭತ್ತ ಮರಿ ಒಡೆದಾಗ ಬಾಬುವನ್ನು ಕೆಸರಿಗಿಳಿಸಿ, "ಹಿಡಿ ಲೇ. ಮುಷ್ಟಿ ಮುಚ್ಚಿದರ ಹೊಲ ಭಟ್ಟಿಗೆ" ಎಂದರು. ಅವನದು ಕಬ್ಬು ಕಡಿದ ದೊಡ್ಡ ಕೈ. ನಾಲ್ಕು ಬುಡ ಹಿಡಿದು ನೋಡಿದ, ಒಂದಕ್ಕೂ ಮುಷ್ಟಿ ಮುಚ್ಚಲಿಲ್ಲ. ಐದನೆಯದನ್ನು ಹಿಡಿಯದೆ ಕೈ ತೊಳೆದುಕೊಂಡು ಬದುವಿಗೆ ಬಂದ.

ನನಗೆ ರಾಯಬಾಗಕ್ಕೆ ವರ್ಗವಾದ ದಿನ ಚಂಪವ್ವ ನನ್ನ ಮಣಿಕಟ್ಟು ಹಿಡಿದರು. ಬೆರಳುಗಳು ಸಲೀಸಾಗಿ ಕೂಡಿದವು. "ನಿಮಗೂ ಸೂಪರ್ ಹಾಕಬೇಕ್ರಿ. ಕುಂಡ್ರಿ, ಉಂಡ ಹೋಗ್ರಿ." ಅದೇ ಕೊನೆಯ ಭೇಟಿ.

ತೊಂಬತ್ತರ ದಶಕದಲ್ಲಿ ಅವರು ತೀರಿದ ಸುದ್ದಿ ತಡವಾಗಿ ತಿಳಿದು ಸತ್ತಿಗೆ ಹೋದೆ. ಹೊಲದಲ್ಲಿ ಭತ್ತವಿತ್ತು. ಚಪ್ಪಲಿ ಬಿಟ್ಟು ಇಳಿದು, ಒಂದು ಬುಡ ಹಿಡಿದೆ.

"ಹ್ಯಾಂಗೈತ್ರಿ ಸಾಹೇಬ್ರ?" ಬದುವಿನಿಂದ ಬಾಬು ಕೇಳಿದ.

"ಮುಷ್ಟಿ ಮುಚ್ಚವಲ್ದು" ಎಂದೆ.