ಗೋಡೆ ತೊಳೆದ ತಪ್ಪಿಗೆ

ಸೋಪಮ್ಮನಿಗೆ ಆ ಹೆಸರು ಅಂಟಿಕೊಂಡದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಮದುವೆಯಾದ ಮರುವರ್ಷ ಅಲ್ಲಿ ಸೇರಿದವಳು ತಲೆ ನೆರೆಯುವವರೆಗೂ ಊರಿನವರ ರಕ್ತ, ಕೀವು, ವಾಂತಿಯನ್ನು ಹಾಸಿಗೆ ಬಟ್ಟೆಗಳಿಂದ ಬಿಡಿಸಿದಳು. ಅವಳಿಗೆ ಹೇಸಿಗೆಯೆಂದರೆ ದಿನದ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಅವಳ ಮನೆಯ ನೆಲದ ಮೇಲೇ ಊಟ ಬಡಿಸಬಹುದು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಹೇಳದೆ ಉಳಿದವರು ಅತ್ತೆ ಒಬ್ಬರೇ. ಅವರು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ, ಬೆರಳಿಗೆ ಏನೂ ಹತ್ತದಿದ್ದರೆ ಅದಕ್ಕೂ ಮುಖ ಸಿಂಡರಿಸುತ್ತಿದ್ದರು.

ಗಂಡ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ, ಎಪ್ಪತ್ತಕ್ಕೆ ಬಂದ ಸೊಸೆ ಮತ್ತು ತೊಂಬತ್ತು ಮುಟ್ಟಿದ ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಸೊಸೆಯ ಕಾಲ ಬರುವ ಲಕ್ಷಣವೇ ಇರಲಿಲ್ಲ.

ಮನೆಯೋ, ಹೊಳೆದಂಡೆಯ ಹಳೆಯ ಬಾಡಿಗೆ ಮನೆ. ಉತ್ತರದ ಆ ಊರಿನಲ್ಲಿ ಅರ್ಧ ವರ್ಷ ಹಿಮ. ಹೊರಗೆ ಹೊಳೆ ಗಡ್ಡೆ ಕಟ್ಟಿದರೆ ಒಳಗೆ ಗೋಡೆ ಬೆವರುತ್ತಿತ್ತು. ಬೆವರಿದ ಕಡೆಯೆಲ್ಲ ಕಪ್ಪು ಬೂಷ್ಟು. ಮಂಚದ ಹಿಂದೆ, ಒಲೆಯ ಮೇಲೆ, ಬೀರುವಿನ ಬೆನ್ನಿಗೆ, ಒರೆಸಿದಷ್ಟೂ ಮತ್ತೆ ಬರುವ, ಮುಟ್ಟಿದರೆ ಮೆತ್ತಗೆ ಅಂಟುವ, ಹಳಸಲು ವಾಸನೆಯ ಬೂಷ್ಟು. ಅದು ಅತ್ತೆಯ ಎದೆಯೊಳಗೂ ಮನೆ ಮಾಡಿತ್ತು. ಇಂಥ ಚಳಿಗಾಲ ಇನ್ನೆರಡು ಈ ಗೋಡೆಗಳ ನಡುವೆ ಕಳೆದರೆ ಮುದುಕಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಪುರಸಭೆ ಹಿರಿಯರಿಗಾಗಿ ಗುಡ್ಡದ ಬಳಿ ಹೊಸ ಕಟ್ಟಡ ಕಟ್ಟಿಸಿತ್ತು. ಗೋಡೆಯೊಳಗೇ ಬಿಸಿನೀರಿನ ಕೊಳವೆ, ಬಾಡಿಗೆಯ ಬಹುಪಾಲು ಸರ್ಕಾರದ್ದು. ಅರ್ಜಿ ಹಾಕಿದವರಿಗೆ ಕೋಣೆ ಸಿಗುವವರೆಗೂ ಉರುವಲಿಗೆ ಸಹಾಯಧನ ಬೇರೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಈಗಿರುವ ಮನೆ ವಾಸಕ್ಕೆ ಲಾಯಕ್ಕಿಲ್ಲವೆಂದು ತಪಾಸಣೆಯವನು ಬಂದು ಕಣ್ಣಾರೆ ನೋಡಬೇಕು, ಮೂಗಾರೆ ಮೂಸಬೇಕು.

ಅವನು ನಾಳೆ ಬರುತ್ತಾನೆ ಎಂದು ಸುದ್ದಿ ಬಂದ ದಿನ ಸೋಪಮ್ಮ ಏನು ಮಾಡಿದಳು? ಮನೆ ತೊಳೆದಳು. ಸರ್ಕಾರದ ಮನುಷ್ಯ ಬಾಗಿಲಿಗೆ ಬಂದರೆ ಬೂಷ್ಟು ಹಿಡಿದ ಗೋಡೆ ತೋರಿಸುವುದೇ? ಲಾಂಡ್ರಿಗೆ ಮೇಲಿನವರು ಬರುವ ಹಿಂದಿನ ದಿನ ಬಕೆಟ್ಟುಗಳ ತಳವನ್ನೂ ಉಜ್ಜುತ್ತಿದ್ದ ಕೈ ಅದು, ಬೇರೆ ಬುದ್ಧಿ ಅದಕ್ಕೆ ತಿಳಿಯದು. ಬ್ಲೀಚಿಂಗ್ ಪುಡಿ ಕಲಸಿ ಗೋಡೆಯನ್ನೆಲ್ಲ ತಿಕ್ಕಿದಳು, ಡಬ್ಬಿಯಲ್ಲಿ ಉಳಿದಿದ್ದ ಬಿಳಿ ಬಣ್ಣ ಬಳಿದಳು, ಪರದೆ ಒಗೆದು ಇಸ್ತ್ರಿ ಹಾಕಿದಳು. ಆ ಘಾಟಿಗೆ ಅತ್ತೆ ಕೆಮ್ಮಿ ಕೆಮ್ಮಿ ನೀಲಿಯಾದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದರೆ ಇದೇ.

ತಪಾಸಣೆಯವನು ಬೂಟು ಒರೆಸದೆ ಒಳಗೆ ಬಂದ. ಗೋಡೆಗೆ ಬೆನ್ನು ಕೊಟ್ಟು ನಿಂತು ಟೀ ಕುಡಿದ. ಇಷ್ಟು ಚೊಕ್ಕ ಮನೆ ಈ ಬೀದಿಯಲ್ಲೇ ಕಂಡಿಲ್ಲ ಎಂದು ಹೊಗಳಿದ, ಸೋಪಮ್ಮ ಉಬ್ಬಿಹೋದಳು. ಹೋಗಿ ಅದೇ ಹೊಗಳಿಕೆಯನ್ನು ಕಚೇರಿಯ ಭಾಷೆಯಲ್ಲಿ ಬರೆದ: ಮನೆ ವಾಸಕ್ಕೆ ಯೋಗ್ಯ. ಕೋಣೆ ತಪ್ಪಿತು. ಯೋಗ್ಯವಾದ ಮನೆಗೆ ಉರುವಲಿನ ಸಹಾಯ ಯಾಕೆಂದು ಅದೂ ನಿಂತಿತು. ಅವನ ಬೆನ್ನು ತಾಗಿದ್ದ ಜಾಗದಲ್ಲಿ ವಾರದೊಳಗೆ ಬೂಷ್ಟು ಮತ್ತೆ ಹಣಿಕಿ ಹಾಕಿತು.

ಸೋಪಮ್ಮ ಪುರಸಭೆಗೆ ಓಡಿದಳು. ಗೋಡೆ ತುಂಬ ಬೂಷ್ಟು ಇತ್ತು, ನಾನೇ ತೊಳೆದುಬಿಟ್ಟೆ ಎಂದು ಅಂಗಲಾಚಿದಳು. ತೊಳೆದರೆ ಹೋಗುವುದಾದರೆ ಹೊಸ ಮನೆ ಯಾಕಮ್ಮ ಎಂದು ಗುಮಾಸ್ತ ಕೇಳಿದ. ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ, ಅದರ ತುದಿಗೆ ಬಂದದ್ದನ್ನು ನೋಡುತ್ತ ಕೇಳಿದ. ಅವನ ಮುಖಕ್ಕೆ ಒಂದು ಬಕೆಟ್ಟು ಬ್ಲೀಚಿಂಗ್ ನೀರು ಎರಚಬೇಕು ಅನ್ನಿಸಿತು ಅವಳಿಗೆ. ಅನ್ನಿಸದೆ ಇರುತ್ತದೆಯೇ?

ಪಕ್ಕದ ಮನೆಯ ದರ್ಜಿ ಮುದುಕ ಈ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. ತನ್ನ ತಂಗಿಗೆ ಆ ಕಟ್ಟಡದಲ್ಲಿ ಕೋಣೆ ಕೊಡಿಸಿದ ಅನುಭವಸ್ಥ ಅವನು.

"ಬಡವರ ಮನೆ ಹೇಗಿರ್ಬೇಕು ಅಂತ ಅವರಿಗೆ ಮೊದ್ಲೇ ಗೊತ್ತಕ್ಕಾ. ಹಾಗೇ ಇಟ್ಟು ತೋರಿಸಿದ್ರೆ ಕೊಡ್ತಾರೆ. ಮತ್ತೆ ಅರ್ಜಿ ಹಾಕು, ಕೈ ಕಟ್ಕೊಂಡು ಕೂತ್ಕೋ."

ಸೋಪಮ್ಮ ಕೈ ಕಟ್ಟಿ ಕೂತಳು. ಆ ದಿನಗಳನ್ನು ನೆನೆದರೆ ಅವಳಿಗೆ ಇವತ್ತಿಗೂ ವಾಕರಿಕೆ ಬರುತ್ತದೆ. ತೊಟ್ಟಿಯಲ್ಲಿ ಪಾತ್ರೆಗಳು ಜಿಡ್ಡು ಕಟ್ಟಿದವು. ನೆಲಕ್ಕೆ ಚಪ್ಪಲಿ ಅಂಟತೊಡಗಿತು. ಬೂಷ್ಟು ಒಲೆಯ ಮೇಲಿಂದ ಸೂರಿಗೆ ಹತ್ತಿ, ಅಲ್ಲಿಂದ ಅತ್ತೆಯ ದಿಂಬಿನ ಕಡೆಗೆ ಇಳಿಯಿತು. ಒರೆಸುವ ಬಟ್ಟೆ ಹಿಡಿದು ಏಳುವಳು, ಮತ್ತೆ ಕೂರುವಳು. ತೊಳೆಯಲು ಬೇರೇನೂ ಇಲ್ಲದೆ ತನ್ನ ಕೈಗಳನ್ನೇ ತೊಳೆದು ತೊಳೆದು ಚರ್ಮ ಬಿರಿಯಿತು. ಒಬ್ಬ ಮುದುಕಿಗೆ ಬೆಚ್ಚಗಿನ ಕೋಣೆ ಸಿಗಬೇಕಾದರೆ ಇನ್ನೊಬ್ಬ ಮುದುಕಿ ಮೊದಲು ಕೊಳೆತು ನಾರಬೇಕು ಎಂಬ ನಿಯಮ ಬರೆದ ಮಹಾನುಭಾವ ಯಾರೋ ಏನೋ. ಅವನ ಮೇಜನ್ನು ಮಾತ್ರ ದಿನಾ ಯಾರೋ ಒರೆಸುತ್ತಿರಬೇಕು. ಥೂ.

ಅತ್ತೆಗೆ ಕಣ್ಣು ಮಂಜು, ಮೂಗು ಚುರುಕು. ಏನೇ ಇದು ನಾತ ಎಂದು ಕೇಳಿದರೆ ಚರಂಡಿ ಕಟ್ಟಿದೆ ಎಂದು ಸೊಸೆ ಸುಳ್ಳು ಹೇಳಿದಳು. ಅತ್ತೆ ಕೆಮ್ಮಿನ ನಡುವೆ ಗೋಡೆಯ ಮೇಲೆ ಬೆರಳಾಡಿಸಿದರು. ಬೆರಳನ್ನು ಹೊದಿಕೆಗೆ ಒರೆಸಿಕೊಂಡು ಆ ಕಡೆ ಹೊರಳಿದರು. ಬೈದಿದ್ದರೆ ಸೋಪಮ್ಮನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎರಡನೆಯ ಸಲ ಬಂದವನೂ ಅದೇ ತಪಾಸಣೆಯವನು. ಈ ಸಲ ಟೀ ಬೇಡವೆಂದ. ಮೂಗಿಗೆ ಕರವಸ್ತ್ರ ಹಿಡಿದು, ತೊಟ್ಟಿಯ ಫೋಟೋ, ಸೂರಿನ ಫೋಟೋ, ಹಾಸಿಗೆಯ ಫೋಟೋ ತೆಗೆದ. ಹೋದ ಸಲ ಅಷ್ಟು ಚೊಕ್ಕವಾಗಿದ್ದ ಮನೆ ಈಗ ಹೀಗೇಕೆ ಎಂದು ಅನುಮಾನದಿಂದ ಕೇಳಿದ. ಸೋಪಮ್ಮ ತೊಟ್ಟಿಯ ಪಾತ್ರೆಗಳ ಕಡೆ ನೋಡಿದಳು. ಬೇಕೆಂದೇ ಬಿಟ್ಟೆ ಅಂದರೆ ಎಲ್ಲ ಮುಗಿಯಿತು.

ಹಾಸಿಗೆಯಿಂದ ಅತ್ತೆ ಮಾತನಾಡಿದರು.

"ಏನ್ ಕೇಳ್ತೀರಿ ಸ್ವಾಮಿ. ಈ ಮನೆಗೆ ಕಾಲಿಟ್ಟ ದಿನದಿಂದ್ಲೂ ಇವಳು ಹೀಗೇ. ಕೊಳಕಿ. ಹೋದ ಸಲ ನೀವು ಬರ್ತೀರಿ ಅಂತ ಯಾರನ್ನೋ ಕರೆಸಿ ತೊಳೆಸಿದ್ಲು."

ತಪಾಸಣೆಯವನು ಅಯ್ಯೋ ಎನ್ನುತ್ತ ಅಷ್ಟನ್ನೂ ಬರೆದುಕೊಂಡು ಹೋದ. ಬಾಗಿಲು ಹಾಕಿಕೊಂಡ ಮೇಲೆ ಸೋಪಮ್ಮ ಅಲ್ಲೇ ನಿಂತಳು. ಮೆಚ್ಚಿ ಒಂದು ಮಾತಾಡದವರು ಅತ್ತೆ, ನಿಜ, ಆದರೆ ಆ ಒಂದು ಪದವನ್ನು ಅವರ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ.

"ನಿನ್ನ ಮರ್ಯಾದೆ ತೆಗೀದೆ ಅವನು ಕೋಣೆ ಕೊಡೋ ಹಾಗೆ ಕಾಣ್ಲಿಲ್ಲ," ಎಂದರು ಅತ್ತೆ ಗೋಡೆಯ ಕಡೆ ಮುಖ ಮಾಡಿ. "ನಡಿ ಈಗ. ಮೊದ್ಲು ಆ ಪಾತ್ರೆ ತೊಳಿ."

ಹಿಮ ಕರಗುವ ಮೊದಲೇ ಕೋಣೆ ಸಿಕ್ಕಿತು. ಎರಡು ಮಂಚ, ಒಣಗಿದ ಗೋಡೆ, ಅಂಗೈ ಇಟ್ಟರೆ ಹಿತವಾಗಿ ಬಿಸಿ. ಅತ್ತೆಯ ಕೆಮ್ಮು ತಗ್ಗಿತು, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುವಷ್ಟು ನಿದ್ದೆ ಬಂತು. ಸೋಪಮ್ಮ ಆ ಗೊರಕೆ ಕೇಳುತ್ತ ನೆಮ್ಮದಿಯಾಗಿ ಕಿಟಕಿ ಒರೆಸಿದಳು.

ಆ ನೆಮ್ಮದಿಯನ್ನೂ ಕಚೇರಿಯವರು ಸಹಿಸಲಿಲ್ಲ. ಅತ್ತೆಯ ಮಾತು ಕಡತ ಹತ್ತಿ ಕೂತಿತ್ತಲ್ಲ, ಮೊದಲಿನಿಂದಲೂ ಕೊಳಕಿ. ಅಂಥವರು ಶುಚಿತ್ವದ ತರಬೇತಿಗೆ ಬರಲೇಬೇಕು, ಬಾರದಿದ್ದರೆ ಬಾಡಿಗೆಯ ಸಹಾಯ ನಿಲ್ಲುತ್ತದೆ, ಕೋಣೆ ಬಿಡಬೇಕಾಗುತ್ತದೆ ಎಂದು ಹೇಳಿ ಕಳಿಸಿದರು.

ಸೋಪಮ್ಮ ಹೋದಳು. ಕಟ್ಟಡದ ಕೆಳಗಿನ ಹಜಾರದಲ್ಲಿ ಏಳೆಂಟು ಮುದುಕ ಮುದುಕಿಯರು. ಇವಳು ಕೂತೊಡನೆ ಪಕ್ಕದವಳು ಕುರ್ಚಿ ದೂರ ಎಳೆದುಕೊಂಡಳು, ಫೋಟೋದ ಸುದ್ದಿ ಕಟ್ಟಡದಲ್ಲೆಲ್ಲ ಹಬ್ಬಿತ್ತು. ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ಗುಲಾಬಿ ಬಣ್ಣದ ಕೈಗವಸು ತೊಟ್ಟು, ಒದ್ದೆ ಬಟ್ಟೆ ಹಿಂಡುವುದು ಹೇಗೆಂದು ತೋರಿಸಿದಳು. ಎಲ್ಲರ ಕೈಯಲ್ಲೂ ಹಿಂಡಿಸಿದಳು. ಊರಿನ ಅರ್ಧ ಜನರ ಹೊದಿಕೆ ಹಿಂಡಿದ ಕೈಯನ್ನು ಹಿಡಿದು, ಹೀಗೆ ತಿರುಗಿಸಿ ಅಜ್ಜಿ, ಹೀಗೆ ಎಂದು ತಿದ್ದಿದಳು. ಸೋಪಮ್ಮ ಅವಳು ಹೇಳಿದ ಹಾಗೆಯೇ ತಿರುಗಿಸಿದಳು. ಮೇಲೆ ಅತ್ತೆ ಮಲಗಿದ್ದರಲ್ಲ.

ಕೊನೆಗೆ ಹುಡುಗಿ ಅವಳನ್ನೇ ಎಬ್ಬಿಸಿ, ಗೋಡೆಯ ಮೇಲೆ ಕಪ್ಪು ಬೂಷ್ಟು ಕಂಡರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಮುಟ್ಟೋದಿಲ್ಲಮ್ಮ," ಎಂದಳು ಸೋಪಮ್ಮ. "ನಿಮ್ಮೋರು ಬಂದು ನೋಡ್ಕೊಂಡು ಹೋಗೋ ತನಕ ಹಾಗೇ ಬಿಡ್ತೀನಿ. ತೊಳೆದ್ರೆ ಮನೆ ಕೊಡಲ್ಲ."

ಹುಡುಗಿ ಅವಳನ್ನು ಕನಿಕರದಿಂದ ನೋಡಿ, ಈ ಅಜ್ಜಿಗೆ ತರಬೇತಿ ಇನ್ನೂ ಆರು ತಿಂಗಳು ಬೇಕು ಎಂದು ಬರೆದುಕೊಂಡಳು.