ಶಿವರಾಜನ ಕಂಬಳಿ

ತಾಂಡೂರಿನ ಶಿವರಾಜನಿಗೆ ಮುಚ್ಚಿದ ಯಂತ್ರ ಕಂಡರೆ ಕೈ ತುರಿಸುತ್ತದೆ, ಬಿಚ್ಚುವವರೆಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಹೆಂಡತಿಯ ತಮ್ಮನ ಗೇಮ್ ಕನ್ಸೋಲ್ ಚೆನ್ನಾಗಿಯೇ ಇತ್ತು. "ಎಲ್ಲಾ ಗೇಮ್ ಫುಕಟ್ ಆಡೂಹಂಗ ಮಾಡ್ತೀನಿ" ಎಂದು ಒಳಗೊಂದು ಎಲೆಕ್ಟ್ರಾನಿಕ್ ಚಿಪ್ಪು ಬೆಸೆದ. ಈಗ ಅದು ನೀಲಿ ದೀಪ ತೋರಿಸಿ ಸತ್ತುಹೋಗುತ್ತದೆ. ಸಂಜೆಗೆ ಭಾವಮೈದುನ ಅದನ್ನು ಒಯ್ಯಲು ಬರುತ್ತಾನೆ. ಬೀಗರ ಮುಂದೆ ಮಾನದ ಪ್ರಶ್ನೆ. ಶಿವರಾಜ ಏಳುತ್ತಾನೆ, ಕೂರುತ್ತಾನೆ, ಕರೆಂಟಿಗೆ ಬೈಯುತ್ತಾನೆ. "ಮೌನಿಕಾ, ಚಾ! ಮೌನಿಕಾ, ಟಾರ್ಚ್ ಹಿಡಿ! ಸ್ಕ್ರೂ ಬಿದ್ದದ, ಕಸ ಹೊಡೀಬ್ಯಾಡ!" ಹೆಂಡತಿ ಒಂದು ಕೈಯಲ್ಲಿ ಟಾರ್ಚು ಹಿಡಿದು ಇನ್ನೊಂದರಲ್ಲಿ ಪಲ್ಯ ಕೆದಕುತ್ತಾಳೆ. ಒಂದಾದ ಮೇಲೊಂದು ಹಾಕಿದ ಚಿಪ್ಪೆಲ್ಲ ಸುಟ್ಟುಹೋದರೂ ಅವನ ತೀರ್ಪು ಒಂದೇ: "ಮಾಲೇ ಖರಾಬ್ ಅದ." ಕುರಿ ಸಾಕುವ ಆ ಮನೆಯಲ್ಲಿ ಒಳ್ಳೆಯ ಕೆಲಸವೆಲ್ಲ ಉಣ್ಣೆಯ ಕಂಬಳಿಯ ಮೇಲೆಯೇ ಆಗಬೇಕು, ಚಿಪ್ಪು ಬೆಸೆಯಲೂ ಅವನು ಕಂಬಳಿ ಹಾಸಿಸಿಕೊಂಡಿದ್ದಾನೆ. ಉಳಿದ ಕೊನೆಯ ಚಿಪ್ಪಿಗೆ ಕೈ ಹಾಕಿದಾಗ ಮೌನಿಕಾ ತಡೆದಳು. "ಕಂಬಳಿ ಮ್ಯಾಲ ಕುಂತು ಮುಟ್ಟಬ್ಯಾಡ್ರಿ. ಈ ಚಳಿಯಾಗ ಅದು ಚಟಚಟ ಕಿಡಿ ಹಾರಿಸ್ತದ. ಚಿಪ್ಪಿಗೂ ಅದೇ ಬಡಿದಿರಬೇಕು." "ಹುಟ್ಟಿದಾಗಿಂದ ಇದರ ಮ್ಯಾಲೇ ಕುಂತೀನಿ, ನನಗ ಗೊತ್ತಿಲ್ಲೇನು?" "ಕುಂತೀರಿ. ಒಮ್ಮೆರ ಮಡಚೀರೇನ್ರಿ?" ಶಿವರಾಜ ಎದ್ದು ಕಂಬಳಿಯ ತುದಿ ಹಿಡಿದು ಎಳೆದ. ಚಟ್ ಎಂದಿತು, ಕೆಂಡ ಮುಟ್ಟಿದವನಂತೆ ಕೈ ಬಿಟ್ಟ. ಬಿದ್ದ ಕಂಬಳಿಯನ್ನು ಮೌನಿಕಾ ಎತ್ತಲಿಲ್ಲ. ಟಾರ್ಚಿನ ಬೆಳಕನ್ನು ಅದರ ಮೇಲೆ ಬಿಟ್ಟು, "ಹ್ಞೂಂ, ಇನ್ನೊಮ್ಮೆ ಹಿಡೀರಿ. ಮೊದಲ ಇದು, ಆಮ್ಯಾಲ ಚಿಪ್ಪು" ಎಂದಳು.