ಗುಂಡಿಮಾಮನ ರಟ್ಟುಗಳು

ಅಂಗಡಿ ಮುಚ್ಚಿ ಮನೆಯಲ್ಲಿ ಕೂತರೂ ದರ್ಜಿ ಗುಂಡಿಮಾಮನ ಕೈ ಸುಮ್ಮನಿರುವುದಿಲ್ಲ. ಹೆಂಡತಿಯ ಹತ್ತಿರ ಹಾಡು ಕಲಿಯಲು ಬರುವ ಮಕ್ಕಳ ನೋಟ್‌ಬುಕ್ಕು ಬೋಳಾಗಿ ಕಂಡರೆ ಸಾಕು, ಕಸಿದುಕೊಂಡು ರಟ್ಟಿನ ಮೇಲೆ ಒಂದಕ್ಕೆ ಐದು ಗುಂಡಿ, ಇನ್ನೊಂದಕ್ಕೆ ಕೆಟ್ಟ ಜಿಪ್ಪು, ಮತ್ತೊಂದಕ್ಕೆ ಹಳೇ ಕೋಟಿನ ಜೇಬು ಹೊಲಿದೇ ಕೊಡುತ್ತಾರೆ. ಹಸಿರಿನ ಪಕ್ಕ ನೇರಳೆ, ಅದರ ಪಕ್ಕ ಕಿತ್ತಳೆ. "ಮಾಮ, ನಿಮ್ಗೆ ಬಣ್ಣದ ಗಂಧಗಾಳೀನೇ ಇಲ್ಲ" ಎಂದು ಮಕ್ಕಳು ಮೂಗು ಮುರಿದರೆ, "ಬಣ್ಣ ಹಾಳಾಗ್ಲಿ, ಕೈಯಾಡಿಸಿ ನೋಡ್ರೋ" ಅನ್ನುತ್ತಾರೆ. ಇಬ್ಬರಿಗೆ ಒಂದೇ ಥರದ್ದು ಬೇಕೆಂದರೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಪಾಠ ಮುಗಿದ ಮೇಲೆ ಟೀಚರಮ್ಮ ರಾಶಿಯಿಂದ ಒಂದೊಂದೇ ಪುಸ್ತಕ ಎತ್ತಿ, ರಟ್ಟಿನ ಮೇಲೆ ಬೆರಳಾಡಿಸಿ, ಅವರವರ ಹೆಸರು ಹಿಡಿದು ಕರೆದು ಕೊಡುತ್ತಾರೆ, ಒಂದೂ ತಪ್ಪುವುದಿಲ್ಲ. ಅವರ ಕಣ್ಣು ಮಂಜಾಗಿ ವರ್ಷವಾಯಿತೆಂಬುದು ಮಕ್ಕಳಿಗೆ ಇನ್ನೂ ಗೊತ್ತಿಲ್ಲ.